ಮಗು ಹುಟ್ಟಿದ ದಿನ ಅಪ್ಪ ಅಮ್ಮನ ವೀಸಾ ಯಾವುದಿತ್ತು?

ಲಂಡನ್ನಿನ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು, ಜನನ ಪ್ರಮಾಣಪತ್ರವೂ ಕೈಗೆ ಬಂತು. ಮಗು ಬ್ರಿಟಿಷ್ ಪ್ರಜೆ ತಾನೇ? ಅಪ್ಪ ಅಮ್ಮ ಇಬ್ಬರೂ ಕೆಲಸದ ವೀಸಾದಲ್ಲಿರುವ ಭಾರತೀಯರಾದರೆ, ಅಲ್ಲ. ಮಗು ಎಲ್ಲಿ, ಎಂದು, ಯಾರಿಗೆ ಹುಟ್ಟಿತು ಎಂಬುದಕ್ಕಷ್ಟೇ ಆ ಪತ್ರ ಸಾಕ್ಷಿ. ಅದರಿಂದ ಪೌರತ್ವ ಹುಟ್ಟುವುದಿಲ್ಲ.

ಬ್ರಿಟನ್ನಿನಲ್ಲಿ 1983ರ ಜನವರಿ 1ರಿಂದ, ಮಗು ಹುಟ್ಟುವ ಹೊತ್ತಿಗೆ ಹೆತ್ತವರಲ್ಲಿ ಒಬ್ಬರಾದರೂ ಬ್ರಿಟಿಷ್ ಪ್ರಜೆಯಾಗಿರಬೇಕು ಅಥವಾ ಅಲ್ಲಿ ಕಾಯಂ ನೆಲೆಸುವ ಅನುಮತಿ ಪಡೆದಿರಬೇಕು. ಆ ಅನುಮತಿ ಹೆರಿಗೆಯ ಮರುದಿನ ಬಂದರೂ ಮಗು ತಾನಾಗಿ ಬ್ರಿಟಿಷ್ ಆಗದು. 18 ತುಂಬುವುದರೊಳಗೆ ಶುಲ್ಕ ಕಟ್ಟಿ, ಎಂಎನ್1 ಅರ್ಜಿ ಹಾಕಿ ನೋಂದಾಯಿಸಬೇಕು. ಅಪ್ಪ ಅಮ್ಮನಿಗೆ ಅನುಮತಿ ಸಿಗದೇ ಹೋದರೂ ಮಗುವಿಗೆ ಇನ್ನೊಂದು ದಾರಿ ಇದೆ. ಮೊದಲ ಹತ್ತು ವರ್ಷ ಅಲ್ಲೇ ಬೆಳೆದಿರಬೇಕು, ಯಾವ ವರ್ಷವೂ 90 ದಿನ ಮೀರಿ ದೇಶದ ಹೊರಗಿರಬಾರದು. ಅಜ್ಜಿ ಮನೆಗೆ ಹೋದವರು ನಾಲ್ಕು ತಿಂಗಳು ಉಳಿದರೆ ಲೆಕ್ಕ ತಪ್ಪುತ್ತದೆ.

ಅಲ್ಲಿಯವರೆಗೆ ಮಗುವಿಗೆ ಬೇಕಾದದ್ದು ಭಾರತದ ಪಾಸ್‌ಪೋರ್ಟ್. ಹುಟ್ಟಿದ ಒಂದು ವರ್ಷದೊಳಗೆ ಭಾರತೀಯ ಹೈಕಮಿಷನ್‌ನಲ್ಲಿ ಜನನ ನೋಂದಾಯಿಸಿ, ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ಘೋಷಣೆ ಕೊಡಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಪಾಸ್‌ಪೋರ್ಟ್ ಬಂದ ಖುಷಿಯಲ್ಲಿ ಟಿಕೆಟ್ ತೆಗೆಸಿ ಊರಿಗೆ ಬಂದವರು ವಾಪಸು ಹೋಗುವಾಗ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುತ್ತಾರೆ. ಮಗುವಿನ ಹೆಸರಿನಲ್ಲಿ ಬ್ರಿಟನ್ ವೀಸಾವೇ ಇರುವುದಿಲ್ಲ! ಅವಲಂಬಿತ ವೀಸಾ ಮೊದಲು, ಪ್ರಯಾಣ ಆಮೇಲೆ.

ಆಸ್ಟ್ರೇಲಿಯಾ 1986ರ ಆಗಸ್ಟ್ 20ರಿಂದ ಇದೇ ಬಗೆಯ ಷರತ್ತು ಹಾಕಿದೆ. ಒಂದು ವ್ಯತ್ಯಾಸವಿದೆ: ಅಲ್ಲೇ ಹುಟ್ಟಿ ಹತ್ತು ವರ್ಷ ಅಲ್ಲೇ ವಾಸವಿದ್ದ ಮಗು ಹತ್ತನೇ ಹುಟ್ಟುಹಬ್ಬಕ್ಕೆ ತಾನಾಗಿ ಪ್ರಜೆಯಾಗುತ್ತದೆ. ಶಾಲೆ, ಆಸ್ಪತ್ರೆಯ ದಾಖಲೆಗಳನ್ನು ಎಸೆಯಬೇಡಿ, ವಾಸ ತೋರಿಸಲು ಅವೇ ಆಧಾರ. ಐರ್ಲೆಂಡ್ 2004ರ ಜನಮತ ಸಂಗ್ರಹದ ನಂತರ ಬದಲಾಯಿತು. ಹೆತ್ತವರು ವಿದೇಶಿಯರಾದರೆ, ಮಗು ಹುಟ್ಟುವ ಹಿಂದಿನ ನಾಲ್ಕು ವರ್ಷಗಳಲ್ಲಿ ಅವರಲ್ಲೊಬ್ಬರು ಮೂರು ವರ್ಷ ಅಲ್ಲಿರಬೇಕು, ವಿದ್ಯಾರ್ಥಿ ವೀಸಾದ ಅವಧಿ ಲೆಕ್ಕಕ್ಕಿಲ್ಲ. ಓದಲು ಹೋಗಿ ಕೆಲಸ ಹಿಡಿದವರು ಎಡವುವುದು ಇಲ್ಲೇ. ಜರ್ಮನಿಯಲ್ಲಿ 2024ರ ಜೂನ್‌ನಿಂದ ಒಬ್ಬ ಪೋಷಕರ ಐದು ವರ್ಷದ ವಾಸ ಸಾಕು, ಮೊದಲು ಎಂಟು ಬೇಕಿತ್ತು. ಕಾಯಂ ವಾಸದ ಹಕ್ಕೂ ಇರಬೇಕು.

ನೆಲದ ಮೇಲೆ ಹುಟ್ಟಿದ್ದೇ ಸಾಕು ಎನ್ನುವ ದೇಶಗಳು ಹೆಚ್ಚಾಗಿ ಅಮೆರಿಕ ಖಂಡಗಳಲ್ಲಿವೆ. ಕೆನಡಾ, ಬ್ರೆಜಿಲ್, ಮೆಕ್ಸಿಕೊ ಅಂಥವು. ಅಮೆರಿಕದಲ್ಲಿ ಇದು 1868ರಲ್ಲಿ ಸಂವಿಧಾನಕ್ಕೆ ಬಂದ 14ನೇ ತಿದ್ದುಪಡಿಯ ಮಾತು, 1898ರಲ್ಲಿ ಚೀನೀ ದಂಪತಿಗೆ ಅಲ್ಲೇ ಹುಟ್ಟಿದ ವಾಂಗ್ ಕಿಮ್ ಆರ್ಕ್ ಎಂಬವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗಟ್ಟಿ ಮಾಡಿತು. ತಾತ್ಕಾಲಿಕ ವೀಸಾದವರ ಮಕ್ಕಳನ್ನು ಹೊರಗಿಡಲು 2025ರ ಜನವರಿ 20ರಂದು ಹೊರಟ ಅಧ್ಯಕ್ಷೀಯ ಆದೇಶಕ್ಕೆ ಕೆಳ ನ್ಯಾಯಾಲಯಗಳು ತಡೆ ಕೊಟ್ಟವು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿ ಅಲ್ಲಿರುವ ಕುಟುಂಬಗಳು ಹಳೆಯ ಸಲಹೆಯನ್ನೇ ನಂಬಿ ಕೂರದೆ, ಹೆರಿಗೆಯ ತಿಂಗಳಿನ ಸ್ಥಿತಿಯನ್ನು ವಕೀಲರಲ್ಲಿ ಕೇಳಿಕೊಳ್ಳಲಿ.

ಭಾರತದಲ್ಲಿ ನಿಯಮ ಮೂರು ಬಾರಿ ಬಿಗಿಯಾಗಿದೆ ಎಂದು ಹಲವರು ಹೇಳುವುದುಂಟು, ನಿಜಕ್ಕೆ ಎರಡು ಬಾರಿ. 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಇಲ್ಲಿ ಹುಟ್ಟಿದ್ದರೆ ಸಾಕಿತ್ತು. 1987ರ ಜುಲೈ 1ರಿಂದ ಹೆತ್ತವರಲ್ಲಿ ಒಬ್ಬರು ಭಾರತೀಯರಾಗಿರಬೇಕಾಯಿತು. 2004ರ ಡಿಸೆಂಬರ್ 3ರಿಂದ ಇಬ್ಬರೂ ಭಾರತೀಯರಿರಬೇಕು, ಇಲ್ಲವೇ ಒಬ್ಬರು ಭಾರತೀಯರಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು.

ಇದರ ಬಿಸಿ ತಟ್ಟುವುದು ಅಮೆರಿಕದ ಪಾಸ್‌ಪೋರ್ಟ್ ಪಡೆದು ಬೆಂಗಳೂರಿಗೆ ಮರಳಿದ ದಂಪತಿಗೆ. ಇಬ್ಬರ ಬಳಿಯೂ ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದೆ, ಮಗು ಜಯನಗರದಲ್ಲೇ ಹುಟ್ಟಿದೆ, ಆದರೂ ಅದು ಭಾರತೀಯ ಪ್ರಜೆಯಲ್ಲ. ಒಸಿಐ ಎಂದರೆ ಪೌರತ್ವವಲ್ಲವಲ್ಲ! ಇಂಥವರು ಅಮೆರಿಕದ ಕಾನ್ಸುಲೇಟ್‌ನಲ್ಲಿ ಮಗುವಿನ ಜನನವನ್ನು ದಾಖಲಿಸಿ ಪಾಸ್‌ಪೋರ್ಟ್ ಮಾಡಿಸಬೇಕು. ದೇಶ ಬಿಡುವ ಮೊದಲು ವಿದೇಶಿಯರ ನೋಂದಣಿ ನೋಡಿಕೊಳ್ಳುವ ಎಫ್‌ಆರ್‌ಆರ್‌ಒ ಕಚೇರಿಯ ನಿರ್ಗಮನ ಅನುಮತಿಯೂ ಬೇಕು. ಅದಕ್ಕೆ ಆನ್‌ಲೈನ್ ಅರ್ಜಿ ಹಾಕದೆ ಟಿಕೆಟ್ ತೆಗೆಸಬೇಡಿ.