ಬೂಸ್ಟರ್ ಆಮೇಲೆ, ಮೊದಲು ಆಂಟೆನಾ ತಿರುಗಿಸಿ

ಮೇ ತಿಂಗಳು ಬಂತೆಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ: ‘ಒಳ್ಳೆ ಬೂಸ್ಟರ್ ಯಾವುದು?’ ಬೂಸ್ಟರ್ ಅಂದರೆ ಆಂಟೆನಾ ಹಿಡಿದ ಟಿವಿ ಸಿಗ್ನಲ್ಲನ್ನು ದೊಡ್ಡದು ಮಾಡುವ ಪುಟ್ಟ ಡಬ್ಬಿ. ಆಂಟೆನಾ ಯಾವುದು ಅಂತ ಕೇಳುವವರು ಕಡಿಮೆ. ನಾನು ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಮೋಟರ್‌ಹೋಮ್‌ಗಳಿಗೆ, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಂಡು ಊರೂರು ಸುತ್ತುವ ಗಾಡಿಗಳಿಗೆ, ಟಿವಿ, ಬ್ಯಾಟರಿ, ಸೋಲಾರ್ ಕೂರಿಸಿಕೊಡುತ್ತೇನೆ. ಗಿರಾಕಿಗಳಲ್ಲಿ ಹೆಚ್ಚಿನವರು ನಿವೃತ್ತರು, ನಡುನಡುವೆ ನಮ್ಮ ಕನ್ನಡದವರೂ ಇರುತ್ತಾರೆ. ಬೂಸ್ಟರ್ ಹುಚ್ಚಿನಲ್ಲಿ ಮಾತ್ರ ಇಬ್ಬರೂ ಒಂದೇ.

ಕನ್ನಡದವರ ಇನ್ನೊಂದು ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ‘ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಕನ್ನಡ ಚಾನೆಲ್ ಬರುವ ಆಂಟೆನಾ ಹಾಕಿಕೊಡಿ.’ ಅಂಥದ್ದು ಇಲ್ಲ. ಆಂಟೆನಾದಲ್ಲಿ ಬರುವುದು ಫ್ರೀವ್ಯೂ ಅನ್ನುವ ಇಲ್ಲಿನ ಉಚಿತ ಚಾನೆಲ್‌ಗಳು ಮಾತ್ರ. ಕನ್ನಡ ಬೇಕಾದರೆ ಇಂಟರ್ನೆಟ್ ನೋಡಿಕೊಳ್ಳಿ.

ಈಗ ಬೂಸ್ಟರ್ ವಿಷಯ. ನಮ್ಮ ದೊಡ್ಡಪ್ಪನಿಗೆ ಕಿವಿ ಮಂದವಾದಾಗ ಮನೆಯವರು ಅಗ್ಗದ ಮಷೀನೊಂದು ತಂದುಕೊಟ್ಟರು. ಮನೆಯಲ್ಲಿ ಸರಿಯಾಗಿಯೇ ಇತ್ತು. ಮದುವೆ ಛತ್ರಕ್ಕೆ ಹೋದಾಗ ಅರ್ಧ ಗಂಟೆಯಲ್ಲೇ ಕಿತ್ತು ಜೇಬಿಗೆ ಹಾಕಿಕೊಂಡರು. ಬೀಗರ ಮಾತು ಜೋರಾಯಿತು ನಿಜ, ಜೊತೆಗೆ ವಾಲಗ, ಪಾತ್ರೆ ಸದ್ದು, ಮಕ್ಕಳ ಕಿರುಚಾಟ ಎಲ್ಲವೂ ಅಷ್ಟೇ ಜೋರಾಯಿತು. ಬೀಗರು ಹೇಳಿದ್ದೇನು ಅಂತ ಮಾತ್ರ ಕೊನೆಗೂ ಗೊತ್ತಾಗಲಿಲ್ಲ. ಬೂಸ್ಟರ್ ಮಾಡುವುದೂ ಇದನ್ನೇ. ಆಂಟೆನಾ ಹಿಡಿದು ತಂದದ್ದನ್ನೆಲ್ಲ, ಸಿಗ್ನಲ್ ಇರಲಿ ಗದ್ದಲ ಇರಲಿ, ಒಟ್ಟಿಗೆ ದೊಡ್ಡದು ಮಾಡುತ್ತದೆ. ಮೇಲಿಂದ ತನ್ನದೇ ಒಂದಿಷ್ಟು ಗದ್ದಲ ಸೇರಿಸುತ್ತದೆ. ಟಿವಿಗೆ ಬೇಕಾದ್ದು ಸಿಗ್ನಲ್ಲು ಗದ್ದಲಕ್ಕಿಂತ ಎಷ್ಟು ಮೇಲಿದೆ ಅನ್ನುವುದು. ಆ ಅಂತರವನ್ನು ಬೂಸ್ಟರ್ ಹೆಚ್ಚಿಸಲಾರದು. ಆಂಟೆನಾ ಹಿಡಿಯದೆ ಬಿಟ್ಟದ್ದನ್ನು ಅದು ಎಲ್ಲಿಂದ ತಂದೀತು?

ನಂಬದಿದ್ದರೆ ನಿಮ್ಮ ಟಿವಿಯ ಮೆನು ತೆರೆದು ನೋಡಿ. ಹೆಚ್ಚಿನ ಸೆಟ್‌ಗಳಲ್ಲಿ ಎರಡು ಪಟ್ಟಿ ಇರುತ್ತವೆ. ಒಂದು ಸಿಗ್ನಲ್‌ನ ಬಲ, ಇನ್ನೊಂದು ಗುಣಮಟ್ಟ. ಬೂಸ್ಟರ್ ಹಾಕಿದ ಕೂಡಲೇ ಬಲದ ಪಟ್ಟಿ ಜಿಗಿಯುತ್ತದೆ, ಗಿರಾಕಿಯ ಮುಖ ಅರಳುತ್ತದೆ. ಗುಣಮಟ್ಟದ ಪಟ್ಟಿ ಇದ್ದಲ್ಲೇ ಇರುತ್ತದೆ, ಚಿತ್ರ ಚೌಕ ಚೌಕವಾಗಿ ಒಡೆಯುತ್ತಲೇ ಇರುತ್ತದೆ. ದಯವಿಟ್ಟು ಎರಡನೇ ಪಟ್ಟಿ ನೋಡಿ. ಮೊದಲನೆಯದನ್ನು ಮರೆತರೂ ನಷ್ಟವಿಲ್ಲ.

ಹಾಗಾದರೆ ಬೂಸ್ಟರ್ ಯಾಕಿದೆ? ಕೇಬಲ್ಲಿನಲ್ಲಿ ಸೋರಿಹೋಗುವುದನ್ನು ತುಂಬಿಕೊಡಲು. ಒಳ್ಳೆ ಕೇಬಲ್ಲಿನಲ್ಲಿ 100 ಮೀಟರಿಗೆ ಸುಮಾರು 20 ಡೆಸಿಬೆಲ್ (ಸಿಗ್ನಲ್ಲಿನ ಏರಿಳಿತ ಅಳೆಯುವ ಮಾನ) ಹೋಗುತ್ತದೆ. ದೊಡ್ಡ ಮನೆ, ಉದ್ದ ಕೇಬಲ್ಲು, ನಾಲ್ಕು ಕೋಣೆಗೆ ಹಂಚಿಕೆ ಅಂದರೆ ಬೂಸ್ಟರ್ ಬೇಕೇ ಬೇಕು. ನಿಮ್ಮ ಗಾಡಿಯಲ್ಲಿ ಕೇಬಲ್ಲು ಎಷ್ಟುದ್ದ? ಐದು ಮೀಟರ್. ಸೋರುವುದು ಒಂದು ಡೆಸಿಬೆಲ್. ಅದಕ್ಕೆ 30 ಡೆಸಿಬೆಲ್ಲಿನ ಬೂಸ್ಟರ್! ಮೊಬೈಲ್ ಟವರಿನ ಪಕ್ಕ ಗಾಡಿ ನಿಲ್ಲಿಸಿದಿರೋ, ಆ ಬೂಸ್ಟರ್ ಉಸಿರುಗಟ್ಟಿ ಬರುತ್ತಿದ್ದ ಚಿತ್ರವನ್ನೂ ಕೆಡಿಸಬಹುದು.

ಒಂದು ಎಚ್ಚರಿಕೆ. ಈ ಮಾತು ಕೇಳಿ ಹೋಗಿ ಎಲ್ಲ ಕಿತ್ತುಹಾಕಬೇಡಿ. ಮೋಟರ್‌ಹೋಮ್‌ನ ಎಷ್ಟೋ ಆಂಟೆನಾಗಳ ಒಳಗೇ ಪುಟ್ಟ ಆಂಪ್ಲಿಫೈಯರ್ ಇರುತ್ತದೆ. ಅದಕ್ಕೆ ಕೇಬಲ್ಲಿನಲ್ಲೇ 12 ವೋಲ್ಟ್ ಹೋಗುತ್ತಿರುತ್ತದೆ. ಆ ಕರೆಂಟ್ ಆಫ್ ಮಾಡಿದರೆ ಸಿಗ್ನಲ್ ಪೂರ್ತಿ ನಿಂತುಹೋಗಬಹುದು. ಗಾಡಿ ನೋಡದೆ ಇದಕ್ಕಿಂತ ಜಾಸ್ತಿ ಹೇಳಲಾರೆ.

ಎರಡು ವರ್ಷದ ಹಿಂದೆ ಒಬ್ಬ ನಿವೃತ್ತ ಮೇಷ್ಟ್ರು, ಅವರ ಹೆಂಡತಿ ಬಂದರು. ಲೇಕ್ ಡಿಸ್ಟ್ರಿಕ್ಟಿನ ಕಣಿವೆಯೊಂದರಲ್ಲಿ ಪ್ರತಿ ವರ್ಷ ಎರಡು ವಾರ ಇರುವವರು. ಅಂಗಡಿಯೊಂದರಲ್ಲಿ ಒಂದಾದ ಮೇಲೆ ಒಂದರಂತೆ ಮೂರು ಬೂಸ್ಟರ್ ಕೊಂಡಿದ್ದರು. ಪಾಪ, ಮೂರನ್ನೂ ಸಾಲಾಗಿ ಜೋಡಿಸಿದ್ದರು! ವಿಂಬಲ್ಡನ್ ನೋಡಬೇಕು ಅಂತ ಆಕೆಗೆ ಆಸೆ, ಬರೀ ನೀಲಿ ಪರದೆ. ನಾನು ಬೂಸ್ಟರ್ ಮುಟ್ಟಲಿಲ್ಲ. ಆಂಟೆನಾದ ಕಡ್ಡಿಗಳು ಹೇಗೆ ಇದ್ದವು ಅಂತ ಕೇಳಿದೆ. ‘ಮನೆಯ ಮೇಲೆ ಇದ್ದ ಹಾಗೇ, ಅಡ್ಡಡ್ಡ’ ಅಂದರು.

ಅಲ್ಲೇ ಇತ್ತು ತಪ್ಪು. ಇಲ್ಲಿನ ದೊಡ್ಡ ಟ್ರಾನ್ಸ್‌ಮಿಟರ್‌ಗಳು, ನಮ್ಮ ಎಮ್ಲಿ ಮೂರ್ ಥರದವು, ಸಾಮಾನ್ಯವಾಗಿ ಅಡ್ಡ ಅಲೆ ಕಳಿಸುತ್ತವೆ. ದೊಡ್ಡದರ ಅಲೆ ತಲುಪದ ಕಣಿವೆಗಳಿಗೆ ಇಟ್ಟಿರುವ ಸಣ್ಣ ಟ್ರಾನ್ಸ್‌ಮಿಟರ್‌ಗಳು, ಅಂದರೆ ರಿಲೇಗಳು, ಹೆಚ್ಚಾಗಿ ನೆಟ್ಟಗಿನ ಅಲೆ ಕಳಿಸುತ್ತವೆ. ಕಡ್ಡಿ ಅಡ್ಡ, ಅಲೆ ನೆಟ್ಟಗೆ ಆದರೆ 20 ಡೆಸಿಬೆಲ್‌ವರೆಗೂ ನಷ್ಟವಾಗಬಹುದು. ಅಂದರೆ ನೂರರಲ್ಲಿ ಒಂದು ಪಾಲು ಕೈಗೆ ಬಂತು ಅಂತ. ಮುಂದಿನ ಸಲ ಕಡ್ಡಿಗಳು ನೆಟ್ಟಗೆ ನಿಲ್ಲುವಂತೆ ಆಂಟೆನಾವನ್ನು ಪಕ್ಕಕ್ಕೆ ಉರುಳಿಸಿ ಕಟ್ಟಿ, ಅಕ್ಕಪಕ್ಕದ ಮನೆಗಳ ಆಂಟೆನಾ ಯಾವ ಕಡೆ ನೋಡುತ್ತಿವೆಯೋ ಆ ಕಡೆ ತಿರುಗಿಸಿ ಅಂದೆ. ಜುಲೈನಲ್ಲಿ ಫೋನ್ ಬಂತು. ಚಿತ್ರ ಕನ್ನಡಿಯ ಹಾಗಿದೆ, ಆದರೆ ಅರ್ಧಕ್ಕರ್ಧ ಚಾನೆಲ್ ಇಲ್ಲವಲ್ಲ ಎಂದು. ಅದು ಆಂಟೆನಾದ ತಪ್ಪಲ್ಲ. ದೊಡ್ಡ ಟ್ರಾನ್ಸ್‌ಮಿಟರ್‌ನಲ್ಲಿ ಚಾನೆಲ್‌ಗಳ ಆರು ಕಟ್ಟು ಹೊರಟರೆ, ಹೆಚ್ಚಿನ ರಿಲೇಗಳಲ್ಲಿ ಮೂರೇ ಕಟ್ಟು. ಬಿಬಿಸಿ ಇರುತ್ತದೆ, ವಿಂಬಲ್ಡನ್ನಿಗೆ ಅಷ್ಟು ಸಾಕಲ್ವಾ?

ಹಾಗಾಗಿ ನಾನು ಹೆಚ್ಚಾಗಿ ಕೊಡುವುದು ದಿಕ್ಕು ತಿರುಗಿಸಲು ಬರುವ, ಅಡ್ಡದಿಂದ ನೆಟ್ಟಗೆ ಉರುಳಿಸಲೂ ಬರುವ, ಸಾಲು ಕಡ್ಡಿಗಳ ‘ಲಾಗ್ ಪೀರಿಯಾಡಿಕ್’ ಆಂಟೆನಾ. ಗುಂಡನೆಯ ತಟ್ಟೆಯಂಥದ್ದು ನೋಡಲು ಚೆಂದ, ತಿರುಗಿಸುವ ಗೋಜಿಲ್ಲ. ಎಲ್ಲ ಕಡೆಯಿಂದಲೂ ಕೇಳುತ್ತೇನೆ ಅನ್ನುವ ಆಂಟೆನಾ ಯಾವ ಕಡೆಯಿಂದಲೂ ಚೆನ್ನಾಗಿ ಕೇಳುವುದಿಲ್ಲ. ಊರ ಹತ್ತಿರವೇ ತಂಗುವವರಾದರೆ ನಡೆಯುತ್ತದೆ. ಹಳೇ ಗಾಡಿ ಕೊಂಡವರು ಇನ್ನೊಂದು ನೋಡಿಕೊಳ್ಳಿ. 2020ರ ಹೊತ್ತಿಗೆ ಇಲ್ಲಿ ಟಿವಿಯನ್ನು 21ರಿಂದ 48ರವರೆಗಿನ ತರಂಗಾಂತರ ಚಾನೆಲ್‌ಗಳಿಗೆ (ರಿಮೋಟಿನಲ್ಲಿ ಒತ್ತುವ ನಂಬರಲ್ಲ) ಇಳಿಸಿ, ಮೇಲಿನದನ್ನು ಮೊಬೈಲ್‌ಗೆ ಬಿಟ್ಟುಕೊಟ್ಟರು. ಮೇಲಿನ ಚಾನೆಲ್‌ಗಳಿಗೆಂದೇ ಮಾಡಿದ ಹಳೇ ಆಂಟೆನಾ ಈಗ ಅಷ್ಟಕ್ಕಷ್ಟೇ.

ಡಿಶ್ ಹಾಕಿಸಲಾ ಅಂತಲೂ ಕೇಳುತ್ತಾರೆ. ಹಾಕಿಸಿ, ಚಾನೆಲ್ ಜಾಸ್ತಿ ಸಿಗುತ್ತವೆ. ಆದರೆ ಬೆಂಗಳೂರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಡಿಡಿ ಫ್ರೀ ಡಿಶ್‌ನ ಉಪಗ್ರಹ ಬೆಂಗಳೂರಿನಿಂದ ನೋಡಿದರೆ ಸುಮಾರು 66 ಡಿಗ್ರಿ ಎತ್ತರದಲ್ಲಿದೆ, ಹೆಚ್ಚುಕಡಿಮೆ ನೆತ್ತಿಯ ಹತ್ತಿರ. ಇಲ್ಲಿ ಬ್ರಿಟಿಷ್ ಚಾನೆಲ್‌ಗಳು ಬರುವ ಉಪಗ್ರಹ, ಲೀಡ್ಸ್‌ನಿಂದ ನೋಡಿದರೆ, ಬರೀ 23 ಡಿಗ್ರಿಯಷ್ಟು ಮೇಲಿದೆ. ಆಗ್ನೇಯಕ್ಕೆ ಒಂದು ಓಕ್ ಮರ ಇದ್ದರೆ ಮುಗಿಯಿತು. ನೆರಳಿದೆ ಅಂತ ಜನ ಮರದ ಬುಡದಲ್ಲೇ ಗಾಡಿ ನಿಲ್ಲಿಸುತ್ತಾರೆ, ಆಮೇಲೆ ಡಿಶ್ ಕೆಟ್ಟಿದೆ ಅನ್ನುತ್ತಾರೆ.

ಹುಡುಗನಾಗಿದ್ದಾಗ ನಾನು 1987ರ ಕ್ರಿಕೆಟ್ ವಿಶ್ವಕಪ್ ಪೂರ್ತಿ ತಾರಸಿಯ ಮೇಲೇ ಕಳೆದೆ. ಕೆಳಗಿಂದ ಅಣ್ಣ ‘ಬಂತು ಬಂತು, ಅಯ್ಯೋ ಹೋಯ್ತು’ ಅಂತ ಕೂಗುತ್ತಿದ್ದ. ನಾನು ಪೈಪು ಹಿಡಿದು ತಿರುಗಿಸುತ್ತಿದ್ದೆ. ಈಗಲೂ ನಾನು ಗಿರಾಕಿಗಳಿಗೆ ಹೇಳಿಕೊಡುವುದು ಅದನ್ನೇ. ಒಂದು ವ್ಯತ್ಯಾಸವಿದೆ. ಆಗ ಚುಕ್ಕೆ ಚುಕ್ಕೆಯಾಗಿಯಾದರೂ ಬಾಲು ಕಾಣುತ್ತಿತ್ತು. ಈಗ ಡಿಜಿಟಲ್, ಬಂದರೆ ಪೂರ್ತಿ, ಇಲ್ಲವಾದರೆ ಇಲ್ಲವೇ ಇಲ್ಲ. ಅದಕ್ಕೇ ನಿಧಾನ ತಿರುಗಿಸಿ. ಸ್ವಲ್ಪ ತಿರುಗಿಸಿ, ಎರಡು ಮೂರು ಸೆಕೆಂಡ್ ಕಾಯಿರಿ, ಆಮೇಲೆ ಮತ್ತೆ ಸ್ವಲ್ಪ. ಜಾಗ ಬದಲಿಸಿದಾಗಲೆಲ್ಲ ಚಾನೆಲ್ ಹೊಸದಾಗಿ ಹುಡುಕಿಸಬೇಕು. ಯಾವ ಟ್ರಾನ್ಸ್‌ಮಿಟರ್, ಯಾವ ದಿಕ್ಕು ಅನ್ನುವುದನ್ನು ಫ್ರೀವ್ಯೂ ಜಾಲತಾಣದಲ್ಲಿ ತಂಗುವ ಜಾಗದ ಪೋಸ್ಟ್‌ಕೋಡ್ ಹಾಕಿ ಮೊದಲೇ ನೋಡಿಕೊಳ್ಳಬಹುದು. ಅದು ಅಂದಾಜು ಮಾತ್ರ, ಗುಡ್ಡದ ಮರೆಯಲ್ಲಿ ನಿಂತರೆ ಏನೂ ಹೇಳಲಾಗದು.

ಹೊರಡುವಾಗ ಆಂಟೆನಾ ಇಳಿಸುವುದನ್ನು ಮರೆಯಬೇಡಿ. ಎತ್ತಿದ ಕಂಬದ ಸಮೇತ ಸೂಪರ್‌ಮಾರ್ಕೆಟ್ಟಿನ ಕಮಾನಿನ ಕೆಳಗೆ ಹೋದವರ ಮೂರು ಡೊಂಕು ಕಂಬಗಳು ನನ್ನ ಶೆಡ್ಡಿನಲ್ಲಿವೆ. ಒಂದಕ್ಕೆ ಟೊಮೆಟೊ ಬಳ್ಳಿ ಹಬ್ಬಿಸಿದ್ದೇನೆ. ಮೇಷ್ಟ್ರ ಹೆಂಡತಿ ಮಾತ್ರ ಜಾಣೆ. ಆಂಟೆನಾ ಎತ್ತಿದ ಕೂಡಲೇ ಗಾಡಿಯ ಬೀಗದಕೈಯನ್ನು ತಮ್ಮ ಹೆಣಿಗೆ ಚೀಲಕ್ಕೆ ಹಾಕಿಕೊಳ್ಳುತ್ತಾರಂತೆ. ಇಳಿಸಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಮೇಷ್ಟ್ರ ಕೈಗೆ ಕೊಡುವುದು.