ಪಪ್ಪಾಯಿಯನ್ನು ಕಾಯ್ದ ಕಿರು ಆರ್‌ಎನ್‌ಎ

ರೋಗ ತಡೆಯಲೆಂದು ವೈರಸ್ಸಿನದೇ ವಂಶವಾಹಿಯೊಂದನ್ನು ಸೇರಿಸಿ ರೂಪಿಸಿದ ಕುಲಾಂತರಿ ಪಪ್ಪಾಯಿಯ ಕುರಿತ ವಾದ-ವಿವಾದಗಳು ಬಹಳಷ್ಟು ಸಲ ಅದರೊಳಗಿನ ವೈರಸ್ ಪ್ರೋಟೀನಿನ ಸುತ್ತಲೇ ಗಿರಕಿ ಹೊಡೆಯುತ್ತವೆ. ಆ ಗಿಡವನ್ನು ಮುಖ್ಯವಾಗಿ ಕಾಯುತ್ತಿರುವುದು ಪ್ರೋಟೀನಲ್ಲ, 21ರಿಂದ 24 ಅಕ್ಷರಗಳಷ್ಟೇ (ಅಂದರೆ ಸಾಲಾಗಿ ಜೋಡಿಸಿದ ರಾಸಾಯನಿಕ ಘಟಕಗಳಷ್ಟೇ) ಉದ್ದದ ಆರ್‌ಎನ್‌ಎ ತುಣುಕುಗಳು.

ವೈರಸ್ ತಗುಲಿದ ತಂಬಾಕು ಗಿಡದ ತುದಿಯಲ್ಲಿ ಆರೋಗ್ಯವಂತ ಎಲೆಗಳು ಮೂಡುವುದನ್ನೂ, ಅವಕ್ಕೆ ಅದೇ ರೋಗ ಮತ್ತೆ ಅಂಟದಿರುವುದನ್ನೂ 1928ರಲ್ಲೇ ಗಮನಿಸಲಾಗಿತ್ತು. ಕಾರಣ ತಿಳಿಯಲು ಏಳು ದಶಕ ಬೇಕಾದವು. 1986ರಲ್ಲಿ ಅಮೆರಿಕದ ವಿಜ್ಞಾನಿ ರೋಜರ್ ಬೀಚಿ ಅವರ ತಂಡ ತಂಬಾಕಿನ ಮೊಸಾಯಿಕ್ ವೈರಸ್ಸಿನ ಕವಚ ಪ್ರೋಟೀನಿನ ವಂಶವಾಹಿಯನ್ನು ತಂಬಾಕು ಗಿಡಕ್ಕೇ ಸೇರಿಸಿ ರೋಗವನ್ನು ತಡೆಯಿತು. ಅಲ್ಲಿ ಪ್ರೋಟೀನಿನ ಪಾತ್ರ ನಿಜವೇ ಇತ್ತು. ಆ ವಿವರಣೆಯನ್ನೇ ಎಲ್ಲ ಬೆಳೆಗಳಿಗೂ ಅನ್ವಯಿಸಿದ್ದರಿಂದ ಗೊಂದಲ ಬೆಳೆಯಿತು.

ಹವಾಯಿಯ ಓಅಹು ದ್ವೀಪದಲ್ಲಿ ಉಂಗುರ ಚುಕ್ಕೆ ವೈರಸ್ಸಿಗೆ ಪಪ್ಪಾಯಿ ತೋಟಗಳು ನೆಲಕಚ್ಚಿದಾಗ ಬೆಳೆಗಾರರು ಹವಾಯಿಯದೇ ಇನ್ನೊಂದು ದ್ವೀಪದ ಪುನಾ ಪ್ರದೇಶಕ್ಕೆ ವಲಸೆ ಹೋಗಿದ್ದರು. 1992ರಲ್ಲಿ ವೈರಸ್ ಅಲ್ಲಿಗೂ ಬಂತು. ಎಲೆ ಹಳದಿಯಾಗಿ ಮುದುಡುತ್ತದೆ, ಕಾಂಡದ ಮೇಲೆ ಎಣ್ಣೆ ಬಳಿದಂಥ ಗೆರೆಗಳೇಳುತ್ತವೆ, ಕಾಯಿಯ ಮೇಲೆ ಉಂಗುರಗಳು ಮೂಡುತ್ತವೆ. ಸಸ್ಯಹೇನು ಹರಡುವ ಈ ರೋಗಕ್ಕೆ ಮದ್ದಿಲ್ಲದ ಕಾರಣ ಗಿಡವನ್ನು ಕಡಿಯುವುದೊಂದೇ ದಾರಿಯಾಗಿತ್ತು. ಸಸ್ಯರೋಗ ತಜ್ಞ ಡೆನಿಸ್ ಗೊನ್ಸಾಲ್ವಿಸ್ ಮತ್ತು ಸಂಗಡಿಗರು ಹವಾಯಿಯದೇ ವೈರಸ್ಸಿನ ಸೌಮ್ಯ ರೂಪವೊಂದರ ಕವಚ ವಂಶವಾಹಿ ಸೇರಿಸಿ ರೂಪಿಸಿದ 'ಸನ್‌ಅಪ್' ಮತ್ತು ಅದರ ಸಂಕರವಾದ 'ರೇನ್‌ಬೋ' ತಳಿಗಳ ಬೀಜವನ್ನು 1998ರಲ್ಲಿ ರೈತರಿಗೆ ಉಚಿತವಾಗಿ ಹಂಚಲಾಯಿತು. ತೋಟಗಳು ಮತ್ತೆ ಚಿಗುರಿದವು.

ತಳಿ ಹೊಲಕ್ಕೆ ಇಳಿದದ್ದು ಮೊದಲು, ಅದರ ಒಳಗುಟ್ಟು ಬಿಚ್ಚಿಕೊಂಡದ್ದು ಆಮೇಲೆ. ಪ್ರೋಟೀನನ್ನೇ ತಯಾರಿಸಲಾರದಂತೆ ತಿದ್ದಿದ ವಂಶವಾಹಿಯೂ ರಕ್ಷಣೆ ಕೊಡುತ್ತದೆಂದು ತಂಬಾಕಿನ ಪ್ರಯೋಗಗಳು 1990ರ ದಶಕದ ಆರಂಭದಲ್ಲೇ ತೋರಿಸಿದ್ದವು. 1999ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳಾದ ಆಂಡ್ರ್ಯೂ ಹ್ಯಾಮಿಲ್ಟನ್ ಮತ್ತು ಡೇವಿಡ್ ಬೌಲ್‌ಕೋಂಬ್ ಸಸ್ಯಗಳಲ್ಲಿ ಕಿರು ಆರ್‌ಎನ್‌ಎಗಳನ್ನು ಕಂಡುಹಿಡಿದರು. ವೈರಸ್ ವೃದ್ಧಿಯಾಗುವಾಗ ಉಂಟಾಗುವ ಜೋಡಿ ಎಳೆಯ ಆರ್‌ಎನ್‌ಎಯನ್ನು ಗಿಡದ ಕಿಣ್ವವೊಂದು ತುಂಡರಿಸುತ್ತದೆ. ಆ ತುಂಡನ್ನು ಹಿಡಿದ ಇನ್ನೊಂದು ಪ್ರೋಟೀನು, ಪೊಲೀಸರು ಭಾವಚಿತ್ರ ಹಿಡಿದು ಆರೋಪಿಯನ್ನು ಹುಡುಕುವಂತೆ, ಹೋಲುವ ವೈರಸ್ ಆರ್‌ಎನ್‌ಎಯನ್ನು ಪತ್ತೆಹಚ್ಚಿ ಕತ್ತರಿಸುತ್ತದೆ. ಸೇರಿಸಿದ ವಂಶವಾಹಿ ಈ ತುಂಡುಗಳನ್ನು ಮೊದಲೇ ಒದಗಿಸಿಡುತ್ತದೆ. ವೈರಸ್ಸೂ ಸುಮ್ಮನಿರುವುದಿಲ್ಲ: ಉಂಗುರ ಚುಕ್ಕೆಯ ಬಳಗದ ವೈರಸ್‌ಗಳು ಈ ತುಂಡುಗಳನ್ನೇ ಕಟ್ಟಿಹಾಕುವ ಪ್ರೋಟೀನೊಂದನ್ನು ಹೊಂದಿವೆ.

ಟೊಮೆಟೊದ ಕಾಡುಬಂಧುವೊಂದರಿಂದ ಸಾಂಪ್ರದಾಯಿಕ ಸಂಕರಣದ ಮೂಲಕ ಬಂದ ಟಿವೈ-1 ಎಂಬ ವಂಶವಾಹಿಯೂ ಎಲೆ ಮುದುರು ವೈರಸ್ಸನ್ನು ಇದೇ ಕಿರು ಆರ್‌ಎನ್‌ಎ ವ್ಯವಸ್ಥೆಯ ಮೂಲಕವೇ ಅದುಮುತ್ತದೆ. ಅದರ ಬಗ್ಗೆ ಯಾರೂ ತಕರಾರೆತ್ತಿದಂತೆ ಕಾಣದು.

ಹೋಲಿಕೆಯೇ ಈ ರಕ್ಷಣೆಯ ಬಲವೂ ಹೌದು, ಮಿತಿಯೂ ಹೌದು. ಹವಾಯಿಯ ವೈರಸ್ಸನ್ನು ತಡೆಯುವ ರೇನ್‌ಬೋ, ಅಕ್ಷರಕ್ರಮ ಬೇರೆಯಾಗಿರುವ ಹೊರದೇಶಗಳ ಹಲವು ವೈರಸ್ ರೂಪಗಳಿಗೆ ಮಣಿಯುತ್ತದೆ. ಹಾಗಾಗಿ ಕರ್ನಾಟಕದ ಪಪ್ಪಾಯಿ ತೋಟಗಳನ್ನು ಕಾಡುತ್ತಿರುವ ಉಂಗುರ ಚುಕ್ಕೆ ರೋಗಕ್ಕೆ ಆ ಬೀಜವನ್ನು ನೆಚ್ಚುವಂತಿಲ್ಲ. ಈ ಮಾರ್ಗವೇ ಬೇಕೆಂದಾದರೆ ಇಲ್ಲಿನ ವೈರಸ್ಸಿನಿಂದಲೇ ಕೆಲಸ ಆರಂಭವಾಗಬೇಕು.