ಕಟಕಟೆಗೆ ಬಂದ ಕಪ್ಪೆ: ವಿಷಪತ್ತೆಯಲ್ಲಿ ಪ್ರಾಣಿಪ್ರಯೋಗ ನಡೆದುಬಂದ ಹಾದಿ

ಪ್ರಾಣಿಗಳ ಮೇಲಿನ ವಿಷಪರೀಕ್ಷೆ ನಿಲ್ಲಬೇಕೇ ಎಂಬ ಚರ್ಚೆ ಎದ್ದಾಗಲೆಲ್ಲ ಔಷಧ, ಕೀಟನಾಶಕ, ಸೌಂದರ್ಯವರ್ಧಕಗಳ ಮಾತು ಬರುತ್ತದೆ. ನ್ಯಾಯಾಲಯದ ಮಾತು ಬರುವುದು ಅಪರೂಪ. ಬಂದಾಗಲೂ ಮೂರು ಬೇರೆ ಬೇರೆ ಪ್ರಶ್ನೆಗಳು ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ. ಶವದಲ್ಲಿ ವಿಷವಿದೆಯೇ ಎಂದು ಪತ್ತೆ ಮಾಡಲು ಪ್ರಾಣಿ ಬೇಕೇ? ಸಿಕ್ಕ ವಿಷ ಸಾವಿಗೆ ಸಾಲುವಷ್ಟಿತ್ತೇ ಎಂದು ಹೇಳಲು ಬೇಕೇ? ಮಾರುಕಟ್ಟೆಗೆ ಬರಲಿರುವ ಹೊಸ ರಾಸಾಯನಿಕ ಸುರಕ್ಷಿತವೇ ಎಂದು ತಿಳಿಯಲು ಬೇಕೇ? ಮೊದಲನೆಯದಕ್ಕೆ ಇತಿಹಾಸ ಬಹುಮಟ್ಟಿಗೆ ಉತ್ತರ ಕೊಟ್ಟಾಗಿದೆ. ಎರಡನೆಯದನ್ನು ಯಾರೂ ನೇರವಾಗಿ ಕೇಳಿಯೇ ಇಲ್ಲವೇನೋ ಎಂಬ ಅನುಮಾನ ಈ ಕಥೆಯನ್ನು ಹಿಂದಿನಿಂದ ಓದುತ್ತ ಬಂದವರಿಗೆ ಮೂಡದಿರದು.

ಅನುಮಾನದ ಅನ್ನವನ್ನು ನಾಯಿಗೆ ಹಾಕಿ ನೋಡುವ ಪದ್ಧತಿ ಎಷ್ಟೋ ಶತಮಾನಗಳಷ್ಟು ಹಳೆಯದು. ಅದಕ್ಕೆ ಶಾಸ್ತ್ರದ ರೂಪ ಬಂದದ್ದು 19ನೆಯ ಶತಮಾನದ ಆರಂಭದಲ್ಲಿ, ಪ್ಯಾರಿಸ್‌ನ ವೈದ್ಯ ಮತ್ಯೂ ಓರ್ಫಿಲಾ ಅವರ ಕಾಲಕ್ಕೆ. ಓರ್ಫಿಲಾ ನಾಯಿಗಳಿಗೆ ವಿಷವುಣಿಸಿ, ವಾಂತಿಯಾಗದಂತೆ ಅನ್ನನಾಳವನ್ನು ಕಟ್ಟಿ, ಸತ್ತ ಮೇಲೆ ಅಂಗಾಂಗಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಹೊಟ್ಟೆಗೆ ಬಿದ್ದ ವಿಷ ರಕ್ತಕ್ಕೆ ಸೇರಿ ಯಕೃತ್ತಿನಂತಹ ಅಂಗಗಳಲ್ಲಿ ಉಳಿಯುತ್ತದೆ ಎಂಬ, ಇಂದಿನ ಮರಣೋತ್ತರ ಪರೀಕ್ಷೆಗೂ ಆಧಾರವಾದ ಅರಿವು ಆ ನಾಯಿಗಳಿಂದ ಬಂತು. 1836ರಲ್ಲಿ ಜೇಮ್ಸ್ ಮಾರ್ಷ್ ಪ್ರಕಟಿಸಿದ ವಿಧಾನದಿಂದ ಆರ್ಸೆನಿಕ್, ಅಂದರೆ ಪಾಷಾಣ, ಗಾಜಿನ ಮೇಲೆ ಕನ್ನಡಿಯಂತಹ ಕಲೆಯಾಗಿ ಕಣ್ಣಿಗೇ ಕಾಣುವಂತಾಯಿತು. ಪಾಷಾಣದ ಮಟ್ಟಿಗೆ ಅಲ್ಲಿಂದಾಚೆ ರಸಾಯನಶಾಸ್ತ್ರವೇ ಸಾಕ್ಷಿ ನುಡಿಯತೊಡಗಿತು.

ತೊಡಕಾದದ್ದು ಸಸ್ಯಜನ್ಯ ವಿಷಗಳಲ್ಲಿ. ಕಾಸರಕದ ಬೀಜದ ಸ್ಟ್ರಿಕ್ನಿನ್, ವತ್ಸನಾಭಿಯ ಅಕೊನಿಟಿನ್, ಹೊಗೆಸೊಪ್ಪಿನ ನಿಕೋಟಿನ್ ಮೊದಲಾದವು ಶವದೊಳಗಿನ ಮಾಂಸ, ಕೊಬ್ಬುಗಳ ನಡುವೆ ಕರಗಿಹೋದರೆ ಹುಡುಕುವ ದಾರಿಯೇ ಇರಲಿಲ್ಲ. 1850ರ ಕೊನೆಯಲ್ಲಿ ಬೆಲ್ಜಿಯಂನ ಬೊಕಾರ್ಮೆ ಎಂಬ ಜಮೀನ್ದಾರ ತನ್ನ ಭಾವಮೈದುನನನ್ನು ನಿಕೋಟಿನ್‌ನಿಂದ ಕೊಂದ ಪ್ರಕರಣದಲ್ಲಿ ರಸಾಯನಶಾಸ್ತ್ರಜ್ಞ ಜ್ಯಾನ್ ಸ್ತಾಸ್ ಆಮ್ಲ, ಆಲ್ಕೋಹಾಲ್, ಈಥರ್‌ಗಳನ್ನು ಬಳಸಿ ಶವದ ಅಂಗಗಳಿಂದ ವಿಷವನ್ನು ಬೇರ್ಪಡಿಸಿದರು. ಆ ವಿಧಾನದ ಸುಧಾರಿತ ರೂಪಗಳು ಮುಂದೆ ಒಂದು ಶತಮಾನ ಕಾಲ ಪ್ರಯೋಗಾಲಯಗಳಲ್ಲಿ ಉಳಿದವು. ಅಂತಹ ಸ್ತಾಸ್ ಕೂಡ, ಸತ್ತವನ ಬಾಯಿಯ ಸುಟ್ಟ ಗುರುತುಗಳು ಹೇಗೆ ಬಂದವೆಂದು ತೋರಿಸಲು, ನಾಯಿಗಳಿಗೆ ನಿಕೋಟಿನ್ ಕೊಟ್ಟು ಸಾಯಿಸಿ ನೋಡಿದರು.

ವಿಷವನ್ನು ಬೇರ್ಪಡಿಸುವುದು ಒಂದು ಕೆಲಸ, ಬೇರ್ಪಟ್ಟದ್ದು ಏನೆಂದು ಗುರುತಿಸುವುದು ಇನ್ನೊಂದು. ಬಣ್ಣ ಬದಲಾಗುವ ಪರೀಕ್ಷೆಗಳು ಕೆಲವಕ್ಕೆ ಮಾತ್ರ ಇದ್ದವು. ಉಳಿದವಕ್ಕೆ ಜೀವಂತ ದೇಹವೇ ಉಪಕರಣವಾಯಿತು. ಸ್ಟ್ರಿಕ್ನಿನ್ ಇದೆಯೆಂದರೆ ಕಪ್ಪೆ ಸೆಟೆದುಕೊಳ್ಳುತ್ತದೆ, ಗಿಡದಿಂದ ಬರುವ ಹೃದಯದ ಔಷಧ ಡಿಜಿಟಾಲಿಸ್ ಇದೆಯೆಂದರೆ ಕಪ್ಪೆಯ ಹೃದಯದ ಬಡಿತ ನಿಧಾನವಾಗಿ ನಿಲ್ಲುತ್ತದೆ ಎಂಬ ಬಗೆಯ ಪರೀಕ್ಷೆಗಳು ಪಂಚನಾಮೆಯಷ್ಟೇ ಸಹಜವಾಗಿ ನ್ಯಾಯಾಲಯ ಪ್ರವೇಶಿಸಿದವು. 1856ರಲ್ಲಿ ಲಂಡನ್ನಿನಲ್ಲಿ ನಡೆದ, ಗೆಳೆಯನಿಗೆ ವಿಷವಿಕ್ಕಿದ ಆರೋಪ ಹೊತ್ತ ವೈದ್ಯ ವಿಲಿಯಂ ಪಾಮರ್ ವಿಚಾರಣೆಯಲ್ಲಿ ಶವದಲ್ಲಿ ಸ್ಟ್ರಿಕ್ನಿನ್ ಸಿಕ್ಕಿರಲಿಲ್ಲ. ವಿಷ ಕೊಟ್ಟು ಕೊಂದ ಮೊಲಗಳಲ್ಲೂ ಎಷ್ಟೋ ಸಲ ಅದು ಸಿಗುವುದಿಲ್ಲ ಎಂದು ಸರ್ಕಾರದ ಪರ ತಜ್ಞ ಆಲ್ಫ್ರೆಡ್ ಟೇಲರ್ ಹೇಳಿದರೆ, ತಾವು ಕೊಂದ ಪ್ರಾಣಿಗಳಲ್ಲಿ ಸಿಕ್ಕಿದೆಯೆಂದು ಆರೋಪಿಯ ಪರ ತಜ್ಞರು ಹೇಳಿದರು. ಎರಡೂ ಕಡೆಯವರು ಪ್ರಾಣಿಗಳನ್ನು ಬಲಿಕೊಟ್ಟರು, ಒಂದು ನಿರ್ಣಯಕ್ಕೆ ಬರಲಾಗಲಿಲ್ಲ. ಪಾಮರ್‌ಗೆ ಗಲ್ಲಾಯಿತು, ಅದು ಬಹುಪಾಲು ಸಾಂದರ್ಭಿಕ ಸಾಕ್ಷ್ಯದ ಬಲದ ಮೇಲೆ.

ಇದಕ್ಕಿಂತ ಬೋಧಪ್ರದವಾದದ್ದು 1864ರ ಪ್ಯಾರಿಸ್ ಪ್ರಕರಣ. ಡಾಕ್ಟರ್ ಲ ಪೊಮ್ಮೆರೆ ಎಂಬಾತ ವಿಮೆಯ ಹಣಕ್ಕಾಗಿ ವಿಧವೆಯೊಬ್ಬಳನ್ನು ಡಿಜಿಟಾಲಿಸ್‌ನಿಂದ ಕೊಂದನೆಂಬುದು ಆರೋಪ. ತಜ್ಞ ಆಂಬ್ರ್ವಾಸ್ ತಾರ್ದ್ಯು, ಆಕೆ ವಾಂತಿ ಮಾಡಿಕೊಂಡಿದ್ದ ನೆಲದ ಹಲಗೆಯನ್ನು ಕೆರೆದು, ಅದರ ಸಾರವನ್ನು ನಾಯಿಗೂ ಕಪ್ಪೆಗಳಿಗೂ ಚುಚ್ಚಿ, ಹೃದಯಗಳು ಹೇಗೆ ನಿಂತವೆಂದು ನ್ಯಾಯಾಲಯಕ್ಕೆ ವಿವರಿಸಿದರು. ನೆಲಕ್ಕೆ ಬಳಿದ ಬಣ್ಣದಲ್ಲೇ ವಿಷವಿದ್ದಿರಬಾರದೇಕೆ ಎಂಬ ಆಕ್ಷೇಪಕ್ಕೆ, ವಾಂತಿ ಬೀಳದ ಭಾಗವನ್ನೂ ಕೆರೆದು ಪರೀಕ್ಷಿಸಿದ್ದೇ ಉತ್ತರವಾಯಿತು. ಇಂದಿನ ಪ್ರಯೋಗಾಲಯಗಳು ಪ್ರತಿ ಮಾದರಿಯೊಂದಿಗೆ ವಿಷವಿಲ್ಲದ ಮಾದರಿಯನ್ನೂ ಇಟ್ಟು ಹೋಲಿಸುವ ಶಿಸ್ತನ್ನು ಇಲ್ಲಿ ಸ್ಪಷ್ಟವಾಗಿಯೇ ಕಾಣಬಹುದು. ಆದರೆ ಆ ಶಿಸ್ತಿನ ಅಳತೆಗೋಲು ಒಂದು ಕಪ್ಪೆಯ ಎದೆಬಡಿತವಾಗಿತ್ತೆಂಬುದನ್ನೂ ಮರೆಯಲಾಗದು.

ಆ ಅಳತೆಗೋಲು ಅಲುಗಾಡಲು ಹೆಚ್ಚು ದಿನ ಹಿಡಿಯಲಿಲ್ಲ. ಕೊಳೆಯುತ್ತಿರುವ ಶವದಲ್ಲಿ ತಾನಾಗಿಯೇ ಹುಟ್ಟುವ ಪದಾರ್ಥಗಳು ಸಸ್ಯವಿಷಗಳನ್ನು ಹೋಲಬಲ್ಲವೆಂದು 1870ರ ದಶಕದಲ್ಲಿ ಇಟಲಿಯ ಫ್ರಾಂಚೆಸ್ಕೊ ಸೆಲ್ಮಿ ತೋರಿಸಿದರು. 1882ರಲ್ಲಿ ಭಾವಮೈದುನನಿಗೆ ಅಕೊನಿಟಿನ್ ಕೊಟ್ಟ ಆರೋಪದ ಮೇಲೆ ಡಾಕ್ಟರ್ ಲ್ಯಾಮ್ಸನ್ ವಿಚಾರಣೆಗೊಳಗಾದಾಗ, ತಜ್ಞ ಥಾಮಸ್ ಸ್ಟೀವನ್ಸನ್ ಶವದ ಸಾರವನ್ನು ತಮ್ಮ ನಾಲಿಗೆಯ ಮೇಲೆಯೇ ಇಟ್ಟು ಮರಗಟ್ಟುವಿಕೆಯನ್ನು ಪರೀಕ್ಷಿಸಿದ್ದರು, ಇಲಿಗಳಿಗೂ ಚುಚ್ಚಿದ್ದರು. ಆರೋಪಿಯ ವಕೀಲರು ಹಿಡಿದದ್ದು ಸೆಲ್ಮಿಯ ಜಾಡನ್ನು: ಇಲಿ ಸತ್ತಿತೆಂಬುದು ನಿಜ, ಸತ್ತದ್ದು ಅಕೊನಿಟಿನ್‌ನಿಂದಲೇ ಎಂದು ಹೇಗೆ ಹೇಳುತ್ತೀರಿ? ಶಿಕ್ಷೆಯಂತೂ ಆಯಿತು. ಆ ಪ್ರಶ್ನೆಗೆ ತೃಪ್ತಿಕರ ಉತ್ತರ ಬಂದದ್ದು 20ನೆಯ ಶತಮಾನದಲ್ಲಿ ಮಿಶ್ರಣದ ಘಟಕಗಳನ್ನು ಬೇರ್ಪಡಿಸುವ ವರ್ಣರೇಖನ (ಕ್ರೊಮ್ಯಾಟೋಗ್ರಫಿ) ಮತ್ತು ಅಣುಗಳನ್ನು ತೂಗುವ ದ್ರವ್ಯರಾಶಿ ರೋಹಿತಮಾಪನ (ಮಾಸ್ ಸ್ಪೆಕ್ಟ್ರೋಮೆಟ್ರಿ) ಒಂದಾದ ಮೇಲೆಯೇ. ಈಗ ಅಣುವಿನ ತೂಕ, ಅದು ಒಡೆಯುವ ಬಗೆ ಎರಡನ್ನೂ ಯಂತ್ರವೇ ದಾಖಲಿಸುತ್ತದೆ. ಗುರುತಿಸುವ ಕೆಲಸಕ್ಕೆ ಕಪ್ಪೆಯ ಅಗತ್ಯವಿಲ್ಲ.

ಇದಕ್ಕೆ ಸಮಾಂತರವಾಗಿ ಸಾಗಿದ್ದು ಕಾನೂನಿನ ಕಥೆ. ಪ್ರಾಣಿಪ್ರಯೋಗಗಳಿಗೆ ಕಡಿವಾಣ ಹಾಕಲು ಬ್ರಿಟನ್ 1876ರಲ್ಲಿ ಕಾಯಿದೆ ತಂದಾಗ ಅದರ 12ನೆಯ ಕಲಮಿನಲ್ಲಿ ಒಂದು ಬಾಗಿಲನ್ನು ತೆರೆದೇ ಇಟ್ಟಿತು: ಕ್ರಿಮಿನಲ್ ಪ್ರಕರಣದಲ್ಲಿ ನ್ಯಾಯದಾನಕ್ಕೆ ಅತ್ಯಗತ್ಯವೆಂದು ಮನವರಿಕೆಯಾದರೆ ನ್ಯಾಯಾಧೀಶರೇ ಪ್ರಯೋಗಕ್ಕೆ ಅನುಮತಿ ಕೊಡಬಹುದಿತ್ತು. ಹಾಗೆಯೇ 1901ರಲ್ಲಿ ಪೌಲ್ ಊಲೆನ್‌ಹೂಟ್ ರೂಪಿಸಿದ, ರಕ್ತದ ಕಲೆ ಮನುಷ್ಯನದೋ ಪ್ರಾಣಿಯದೋ ಎಂದು ಹೇಳುವ ಪರೀಕ್ಷೆಗೆ ಬೇಕಾದ ಸೀರಂ ಮೊಲದ ಮೈಯಿಂದಲೇ ಬರಬೇಕಾಗಿತ್ತು. ಕ್ರೌರ್ಯದ ಪಟ್ಟಿಯಲ್ಲಿ ಮೊಲದ ಈ ದೀರ್ಘ ಸೇವೆ ಹೆಚ್ಚು ಕಾಣಿಸಿಕೊಂಡಿಲ್ಲ.

ಎರಡನೆಯ ಪ್ರಶ್ನೆ, ಅಂದರೆ ಪ್ರಮಾಣದ ಪ್ರಶ್ನೆ, ಇಷ್ಟು ಸರಳವಾಗಿ ಮುಗಿಯಲಿಲ್ಲ. 1927ರಲ್ಲಿ ಜೆ. ಡಬ್ಲ್ಯೂ. ಟ್ರೆವನ್, ಪರೀಕ್ಷೆಗೊಳಗಾದ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣವನ್ನು ಅಳೆಯುವ ವಿಧಾನವನ್ನು ಮುಂದಿಟ್ಟರು. ಡಿಜಿಟಾಲಿಸ್, ಇನ್ಸುಲಿನ್‌ಗಳಂತಹ, ಒಂದು ತಯಾರಿಯಿಂದ ಇನ್ನೊಂದಕ್ಕೆ ಶಕ್ತಿ ಬದಲಾಗುವ ಔಷಧಗಳನ್ನು ಹೋಲಿಸಲು ಹುಟ್ಟಿದ ಈ ಎಲ್‌ಡಿ 50 ಕ್ರಮೇಣ ಎಲ್ಲ ರಾಸಾಯನಿಕಗಳಿಗೂ ಅಂಟಿಕೊಂಡು, ವಿಷಶಾಸ್ತ್ರದ ಕೋಷ್ಟಕಗಳನ್ನು ತುಂಬಿತು. ಅಂಕಿ ಒಮ್ಮೆ ಮುದ್ರಣವಾಯಿತೆಂದರೆ ಅದಕ್ಕೊಂದು ಘನತೆ ಬರುತ್ತದೆ. ಪ್ರಾಣಿಯಿಂದ ಪ್ರಾಣಿಗಿರುವ ವ್ಯತ್ಯಾಸ ಮಾತ್ರ ಆ ಘನತೆಯನ್ನು ಒಪ್ಪುವುದಿಲ್ಲ: ಡಯಾಕ್ಸಿನ್‌ನ (ಕೈಗಾರಿಕೆ, ದಹನಗಳಿಂದ ಹುಟ್ಟುವ ವಿಷಮಾಲಿನ್ಯ) ಮಾರಕ ಪ್ರಮಾಣ ಗಿನಿ ಇಲಿಗೂ ಹ್ಯಾಮ್‌ಸ್ಟರ್‌ಗೂ ಸಾವಿರ ಪಟ್ಟಿಗಿಂತ ಹೆಚ್ಚು ಬೇರೆ, ಕೆಲವು ಮೊಲಗಳು ಬೆಲ್ಲಡೋನಾ ಎಲೆಯನ್ನು ಮೇಯ್ದು ಸುಖವಾಗಿರುತ್ತವೆ, ಏಕೆಂದರೆ ಆ ಎಲೆಯ ವಿಷವಾದ ಅಟ್ರೊಪಿನ್ ಅನ್ನು ಒಡೆಯುವ ಕಿಣ್ವ ಅವುಗಳ ರಕ್ತದಲ್ಲಿದೆ. ಪ್ರಾಣಿಗಳ ಬಳಕೆಯನ್ನು ತಪ್ಪಿಸುವ, ತಗ್ಗಿಸುವ, ನೋವು ಕಡಿಮೆ ಮಾಡುವ ಮೂರು ಸೂತ್ರಗಳನ್ನು ರಸೆಲ್ ಮತ್ತು ಬರ್ಚ್ 1959ರಲ್ಲಿ ಹೇಳಿದರೂ, ಹಳೆಯ ಎಲ್‌ಡಿ 50 ಪರೀಕ್ಷೆಯನ್ನು ಓಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ) ತನ್ನ ಮಾರ್ಗಸೂಚಿಗಳಿಂದ ತೆಗೆದದ್ದು 2002ರ ಕೊನೆಯಲ್ಲಿ. ಅದರ ಜಾಗಕ್ಕೆ ಬಂದವು ಕಡಿಮೆ ಪ್ರಾಣಿಗಳನ್ನು ಬಳಸುವ ಪರೀಕ್ಷೆಗಳು, ಪ್ರಾಣಿಗಳೇ ಇಲ್ಲದವಲ್ಲ.

ಶವದ ರಕ್ತದಲ್ಲಿ ಸಿಕ್ಕ ಅಂಕಿಯನ್ನು ಅರ್ಥೈಸುವಾಗ ಇಲಿಯ ಕೋಷ್ಟಕ ಹೆಚ್ಚು ನೆರವಾಗುವುದಿಲ್ಲ. ಡಿಗಾಕ್ಸಿನ್‌ನಂತಹ ಔಷಧಗಳು ಸಾವಿನ ನಂತರವೂ ಅಂಗಗಳಿಂದ ರಕ್ತಕ್ಕೆ ಸೋರುವುದರಿಂದ ಹೃದಯದ ರಕ್ತದಲ್ಲಿ ಅವುಗಳ ಮಟ್ಟ ಬದುಕಿದ್ದಾಗ ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಆದ್ದರಿಂದಲೇ ತೊಡೆಯ ರಕ್ತನಾಳದಿಂದ ಮಾದರಿ ತೆಗೆಯುವುದು ರೂಢಿ. ಇಲ್ಲಿ ಕೈಹಿಡಿಯುವುದು ಹಿಂದಿನ ಮನುಷ್ಯ ಪ್ರಕರಣಗಳ ದಾಖಲೆ. ಆದರೆ ಪೇಟೆಗೆ ಹೊಸದಾಗಿ ಬಿದ್ದ ಕೃತಕ ಮಾದಕ ವಸ್ತುವಿಗೆ ಅಂತಹ ದಾಖಲೆಯೂ ಇರುವುದಿಲ್ಲ. ಆಗ ಮಾದಕ ವಸ್ತು ಅಂಟಿಕೊಂಡು ಕೆಲಸ ಮಾಡುವ ಮನುಷ್ಯನ ಗ್ರಾಹಕ ಅಣುಗಳನ್ನು ಹೊತ್ತ ಜೀವಕೋಶಗಳ ಮೇಲೆ ಅದರ ಬಲವನ್ನು ಅಳೆಯುವ ವಿಧಾನಗಳು ಬಳಕೆಗೆ ಬರುತ್ತಿವೆ.

1876ರ ಕಾಯಿದೆಯ ಸ್ಥಾನದಲ್ಲಿ ಬ್ರಿಟನ್ 1986ರಲ್ಲಿ ಹೊಸ ಕಾಯಿದೆ ತಂದಿತು. 2010ರಲ್ಲಿ ಐರೋಪ್ಯ ಒಕ್ಕೂಟದ ನಿರ್ದೇಶನ ಬಂತು. ಪ್ರಾಣಿಗಳನ್ನು ಯಾವ ಯಾವ ಉದ್ದೇಶಕ್ಕೆ ಬಳಸಬಹುದೆಂಬ ಪಟ್ಟಿ ಆ ನಿರ್ದೇಶನದ 5ನೆಯ ವಿಧಿಯಲ್ಲಿದೆ. ಸಂಶೋಧನೆ, ಔಷಧ ಪರೀಕ್ಷೆ, ಪರಿಸರ ರಕ್ಷಣೆ, ಶಿಕ್ಷಣಗಳೆಲ್ಲ ಮುಗಿದ ಮೇಲೆ ಪಟ್ಟಿಯ ಕೊನೆಯಲ್ಲಿ ಯಾವ ವಿವರಣೆಯೂ ಇಲ್ಲದೆ ಎರಡೇ ಪದಗಳು ಕೂತಿವೆ: ವಿಧಿವೈಜ್ಞಾನಿಕ ವಿಚಾರಣೆಗಳು.